ಎರಡೇ ಬಾಗಿಲಿನ ಅಮೆರಿಕನ್ ಕಾರೂ ಗ್ರಾಂಟ್ ರೋಡಿನ ಗುಜರಿ ಗಲ್ಲಿಯೂ

ಗ್ರಾಂಟ್ ರೋಡ್ ಸ್ಟೇಷನ್ನಿನ ಪೂರ್ವ ಬದಿಗೆ ಇಳಿದು ಮೌಲಾನಾ ಶೌಕತ್ ಅಲಿ ರಸ್ತೆ ಹಿಡಿದರೆ ಮಟನ್ ಸ್ಟ್ರೀಟ್, ಅಂದರೆ ಚೋರ್ ಬಜಾರ್, ದೂರವೇನಿಲ್ಲ. ಈ ರಸ್ತೆಯ ಹಳೆಯ ಹೆಸರೇ ಗ್ರಾಂಟ್ ರೋಡ್. 1835ರಿಂದ 38ರವರೆಗೆ ಮುಂಬಯಿಯ ಗವರ್ನರಾಗಿದ್ದ ರಾಬರ್ಟ್ ಗ್ರಾಂಟ್‌ನಿಂದ ಬಂದದ್ದು. ಹೊರಗಿನವರು ಇಲ್ಲಿಗೆ ಗ್ರಾಮಫೋನು, ಸಿನಿಮಾ ಪೋಸ್ಟರು ಹುಡುಕಿಕೊಂಡು ಬರುತ್ತಾರೆ. ಹಳೆ ಮೋಟಾರಿನ ಹುಚ್ಚು ಹತ್ತಿದವರು ಬರುವುದು ಬಿಡಿಭಾಗಗಳಿಗೆ. ಹೊಸ ಸ್ಪೇರ್ ಪಾರ್ಟ್ಸ್ ಬೇಕಿದ್ದರೆ ಆಪೆರಾ ಹೌಸ್ ಕಡೆ ಹೋಗಬಹುದು. ಕಂಪನಿಯೇ ಮಾಡುವುದನ್ನು ನಿಲ್ಲಿಸಿದ್ದು ಬೇಕಿದ್ದರೆ ಇಲ್ಲಿಗೇ ಬರಬೇಕು.

ಅಮೆರಿಕದ ಕಾರು ಮುಂಬಯಿಗೆ ಹೊಸದೇನಲ್ಲ. ಜನರಲ್ ಮೋಟಾರ್ಸ್ 1928ರಲ್ಲೇ ಶಿವಡಿಯಲ್ಲಿ ಷೆವ್ರೊಲೆ ಜೋಡಿಸುತ್ತಿತ್ತು. ವಾಲ್‌ಚಂದ್ ಹೀರಾಚಂದರ ಪ್ರೀಮಿಯರ್ ಆಟೊಮೊಬೈಲ್ಸ್ 1947ರಿಂದ ಕುರ್ಲಾದಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಹೊರತಂದಿತು. ಬರೀ ಜೋಡಿಸಿದರೆ ಸಾಲದು, ಇಲ್ಲೇ ತಯಾರಿಸಬೇಕು ಎಂದು ಸರ್ಕಾರ ಪಟ್ಟು ಹಿಡಿದಾಗ ಜನರಲ್ ಮೋಟಾರ್ಸ್ 1954ರಲ್ಲಿ ಗಂಟುಮೂಟೆ ಕಟ್ಟಿತು. ಕುರ್ಲಾದ ಪ್ಲಿಮತ್ ಸವಾಯ್, ಡಾಡ್ಜ್ ಕಿಂಗ್ಸ್‌ವೇ, ಡಿಸೋಟೊ ಡಿಪ್ಲೊಮ್ಯಾಟ್‌ಗಳು ಹೆಸರಿಗೆ ಮೂರು, ಮೈಗೆ ಒಂದೇ. ಒಂದರ ಪಾರ್ಟು ಇನ್ನೊಂದಕ್ಕೆ ಕೂರುತ್ತದೆಂಬ ಈ ಗುಟ್ಟಿನ ಮೇಲೆಯೇ ಗುಜರಿ ವ್ಯಾಪಾರ ನಿಂತಿರುವುದು.

ಇವೆಲ್ಲ ಕುಟುಂಬದ ಕಾರುಗಳು. ಎರಡೇ ಬಾಗಿಲಿನ ಐಷಾರಾಮಿ ಕೂಪೆಯ ಜಾತಿಯೇ ಬೇರೆ. ಜನರಲ್ ಮೋಟಾರ್ಸಿನದೇ ಬ್ಯೂಕ್ ರಿವಿಯೆರಾ ನೋಡಿ. ಕಂಪನಿಯ ವಿನ್ಯಾಸ ಮುಖ್ಯಸ್ಥ ಬಿಲ್ ಮಿಚೆಲ್‌ನ ಉಸ್ತುವಾರಿಯಲ್ಲಿ ರೂಪುಗೊಂಡ ಈ ಕಾರಿನ ನಕ್ಷೆ ಮೊದಲು ಕ್ಯಾಡಿಲಾಕ್‌ಗೆ ಹೋಗಿ, ಅವರಿಗೆ ಬೇಡವಾಗಿ, ಕಂಪನಿಯ ವಿಭಾಗಗಳ ನಡುವಿನ ಸ್ಪರ್ಧೆಯಲ್ಲಿ ಗೆದ್ದ ಬ್ಯೂಕ್‌ನ ಪಾಲಾಯಿತು. 1963ರ ಮೊದಲ ಮಾದರಿಗೆ 401 ಘನ ಇಂಚಿನ, ಅಂದರೆ ಸುಮಾರು 6.6 ಲೀಟರಿನ ವಿ-8 ಎಂಜಿನ್, 325 ಅಶ್ವಶಕ್ತಿ. ಉದ್ದ ಹದಿನೇಳು ಅಡಿಗೂ ಮಿಗಿಲು, ತೂಕ ಹತ್ತಿರಹತ್ತಿರ 1,800 ಕಿಲೊ, ಕೂರುವವರು ಬರೀ ನಾಲ್ವರು! ಬಾಗಿಲಿನ ಗಾಜಿಗೆ ಚೌಕಟ್ಟಿಲ್ಲ. ಹಿಂದೆ ಕೂತವರ ಕೈಗೆ ಎಟುಕಲೆಂದು ಬಾಗಿಲ ಒಳಬದಿಯಲ್ಲಿ ಎರಡನೆಯ ಹಿಡಿ. 1965ರಲ್ಲಿ ಹೆಡ್‌ಲೈಟುಗಳು ಮುಂದಿನ ಮಡ್‌ಗಾರ್ಡಿನ ಜಾಲರಿಯೊಳಗೆ ಅಡಗಿ, ಸ್ವಿಚ್ ಒತ್ತಿದಾಗ ನಿದ್ದೆಯಿಂದೆದ್ದವರ ರೆಪ್ಪೆಯಂತೆ ತೆರೆದುಕೊಳ್ಳತೊಡಗಿದವು. 1971ರಲ್ಲಿ ಹಿಂಭಾಗ ದೋಣಿಯ ತುದಿಯ ಹಾಗೆ ಚೂಪಾಯಿತು. 1979ರಲ್ಲಿ ಶಕ್ತಿ ಮುಂದಿನ ಚಕ್ರಗಳಿಗೆ ಬಂತು. ಕೊನೆಯ ಕಾರುಗಳು 1999ರ ಮಾದರಿಯವು. ನನ್ನನ್ನು ಕೇಳಿದರೆ ಮೊದಲ ಮೂರು ವರ್ಷದವುಗಳ ಅಂದ ಆಮೇಲೆ ಬರಲೇ ಇಲ್ಲ.

ನಮ್ಮ ಪ್ರೀಮಿಯರ್ ಪದ್ಮಿನಿ 1,089 ಸಿಸಿಯದು, ಹದಿಮೂರು ಅಡಿಯದು. ಅದರಲ್ಲಿ ಎಷ್ಟು ಜನ ಕೂರುತ್ತಿದ್ದರೆಂದು ಹೇಳಬೇಕಿಲ್ಲ.

ಕೂಪೆ ಎಂದರೆ ಯಜಮಾನ ತಾನೇ ಓಡಿಸುವ ಕಾರು. ಮುಂಬಯಿಯ ಶ್ರೀಮಂತರು ಹಿಂದಿನ ಸೀಟಿನಲ್ಲಿ ಕೂತು ಮುಂದೆ ಡ್ರೈವರನನ್ನು ಕೂರಿಸಿದವರು. ಅವರಿಗೆ ನಾಲ್ಕು ಬಾಗಿಲು ಬೇಕೇ ಬೇಕು. ಹಾಗಾಗಿ ಇಲ್ಲಿ ಕೂಪೆಗಳು ವಿರಳ. ವಿರಳವಾದದ್ದಕ್ಕೆ ಗುಜರಿಯೂ ವಿರಳ. ಕಾರ್ಬುರೇಟರು, ಬ್ರೇಕ್ ಸಿಲಿಂಡರುಗಳನ್ನು ಬೇರೆ ಮಾದರಿಯಿಂದ ಹೊಂದಿಸಿಯಾರು, ಬುಷ್ ಸವೆದಿದ್ದರೆ ಲೇತಿನಲ್ಲಿ ಕಡೆಸಿಯಾರು. ಉದ್ದನೆಯ ಬಾಗಿಲು, ಅದರ ಗಾಜು, ರಬ್ಬರ್ ಬೀಡಿಂಗ್ ಮಾತ್ರ ಆ ಕಾರಿಗೇ ಮೀಸಲು. ಹದಮಾಡಿದ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲಾಗದು, ಪುಡಿಪುಡಿಯಾಗುತ್ತದೆ. ಅಳತೆಗೆ ಕತ್ತರಿಸಿ ಆಮೇಲೆ ಹದಮಾಡಿಸಬೇಕು. ಭಾರದ ಬಾಗಿಲಿನ ಕೀಲು ಸವೆದು ಜೋತುಬಿದ್ದರೆ ಡೆಂಟಿಂಗ್ ಮಿಸ್ತ್ರಿಗೆ ದಿನಗಟ್ಟಲೆ ಕೆಲಸ.

ಅಂಗಡಿಯವನ ಮೊದಲ ಪ್ರಶ್ನೆ ಯಾವ ಕಾರು ಎಂದಲ್ಲ, ‘ಸ್ಯಾಂಪಲ್ ಲಾಯಾ ಕ್ಯಾ?’ ಎಂದು. ಮುರಿದ ತುಂಡು ಕೈಯಲ್ಲಿದ್ದರೆ ಎರಕದ ಮೇಲಿನ ನಂಬರನ್ನು ಬೆರಳಲ್ಲಿ ಒರೆಸಿ ಓದುತ್ತಾನೆ. ಆ ಕಾಲದ ಅಮೆರಿಕನ್ ಬೋಲ್ಟು ಇಂಚಿನದು, ಪದ್ಮಿನಿಯ ಮೂಲವಾದ ಫಿಯೆಟ್‌ನದು ಮಿಲಿಮೀಟರಿನದು. ಎರಡಕ್ಕೂ ಬೇರೆಬೇರೆ ಸ್ಪ್ಯಾನರ್ ಸೆಟ್ಟು ಬೇಕು.

ಕ್ರೋಮಿನದು ಇನ್ನೊಂದು ಕಥೆ. ಅಲಂಕಾರದ ತುಣುಕುಗಳಲ್ಲಿ ಬಹಳಷ್ಟು ಸತುವಿನ ಎರಕ. ಸಮುದ್ರದ ಉಪ್ಪುಗಾಳಿಗೆ ಅದರ ಮೈಮೇಲೆ ಗುಳ್ಳೆ ಏಳುತ್ತದೆ. ಹಳೆ ಲೇಪ ಕಿತ್ತು, ಗುಳಿಗಳನ್ನು ಉಜ್ಜಿ, ತಾಮ್ರ ಹತ್ತಿಸಿ, ಮತ್ತೆ ಉಜ್ಜಿ, ನಿಕಲ್ ಕೊಟ್ಟು, ಕಡೆಗೆ ಕ್ರೋಮ್. ಹೊಳಪು ಕೊಡುವುದು ಬಹುಪಾಲು ಕೆಳಗಿನ ನಿಕಲ್ಲೇ. ಮೇಲಿನ ಕ್ರೋಮ್ ತೀರಾ ತೆಳು. ಆತುರಕ್ಕೆ ತಾಮ್ರ ತಪ್ಪಿಸಿದ ಕೆಲಸ ಒಂದು ಮಳೆಗಾಲ ಬಾಳಿದರೆ ಹೆಚ್ಚು.

ಶುಕ್ರವಾರ ಅಂಗಡಿಗಳು ಮುಚ್ಚಿರುತ್ತವೆ, ಬೀದಿಯಲ್ಲಿ ಜುಮ್ಮಾ ಬಜಾರ್ ಹರಡುತ್ತದೆ.  ಇಂಥ ಹಳೆ ಕಾರುಗಳನ್ನು ಸಿಂಗರಿಸಿ ನಿಲ್ಲಿಸಿದ್ದನ್ನು ಕರ್ನಾಟಕದಲ್ಲೇ ನೋಡಬೇಕೆಂದರೆ ಧರ್ಮಸ್ಥಳದ ಸಂಗ್ರಹವಿದೆ, ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರದೇ ‘ಪಯಣ’ ಸಂಗ್ರಹಾಲಯವಿದೆ.

ಅಂದಹಾಗೆ, 1986ರ ರಿವಿಯೆರಾದ ಡ್ಯಾಶ್‌ಬೋರ್ಡಿಗೆ ಬ್ಯೂಕ್‌ನವರು ಹಳೆ ಟೀವಿಯಂಥ ಪಿಕ್ಚರ್ ಟ್ಯೂಬಿನ ಟಚ್‌ಸ್ಕ್ರೀನ್ ಕೂರಿಸಿದ್ದರು. ರೇಡಿಯೊ, ಎ.ಸಿ. ಎಲ್ಲವೂ ಅದರಲ್ಲೇ. ಅದು ಕೆಟ್ಟರೆ ಮಟನ್ ಸ್ಟ್ರೀಟಿನ ಮಿಸ್ತ್ರಿ ಕೈಚೆಲ್ಲುವವನೇ. ಗ್ರಾಂಟ್ ರೋಡ್ ಸ್ಟೇಷನ್ನಿನ ಬಳಿಯದೇ, ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಪಿಕ್ಚರ್ ಟ್ಯೂಬು ಬಲ್ಲ ಟೀವಿ ರಿಪೇರಿಯವರು ಯಾರಾದರೂ ಉಳಿದಿದ್ದಾರೆಯೇ ಎಂದು ವಿಚಾರಿಸಬೇಕು.