ಸಚಿವರ ಉತ್ತರ ಓದಿ ನೋಡಿ, ನಮ್ಮ ಮನೆಯ ಸುದ್ದಿಯೂ ಅಲ್ಲಿ ಉಂಟು

ಅಧಿವೇಶನ ಅಂದ ಕೂಡಲೇ ನಮಗೆ ನೆನಪಾಗುವುದು ಗಲಾಟೆ. ಸದನದ ಬಾವಿಗಿಳಿದು ಧರಣಿ ಕೂರುವ ಶಾಸಕರು, ಕಾಗದ ಹರಿದು ಎಸೆಯುವವರು, ಸಭಾತ್ಯಾಗ ಮಾಡುವವರು. ಟಿವಿಯವರು ತೋರಿಸುವುದೂ ಅದನ್ನೇ, ಮೊಬೈಲಿನಲ್ಲಿ ನಾವು ಒಬ್ಬರಿಗೊಬ್ಬರು ಕಳುಹಿಸುವುದೂ ಅದನ್ನೇ. ಆದರೆ ಆ ಗಲಾಟೆಯ ಆಚೆಗೆ, ಸದ್ದಿಲ್ಲದೆ ನಡೆಯುವ ಒಂದು ಕೆಲಸ ಉಂಟು. ಅದು ಪ್ರಶ್ನೋತ್ತರ. ಜನಪ್ರತಿನಿಧಿ ಕೇಳಬೇಕು, ಸಚಿವರು ಉತ್ತರ ಕೊಡಬೇಕು. ಆ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ. ವೇದಿಕೆಯ ಭಾಷಣದಲ್ಲಿ ಸಚಿವರು ಏನು ಬೇಕಾದರೂ ಹೇಳಿಯಾರು, ಸದನದಲ್ಲಿ ತಪ್ಪು ಮಾಹಿತಿ ಕೊಟ್ಟರೆ ಅದು ಹಕ್ಕುಚ್ಯುತಿಯ ವಿಷಯವಾಗಬಹುದು. ಆದ್ದರಿಂದ ಅಲ್ಲಿ ಅಧಿಕಾರಿಗಳು ಅಳೆದು ತೂಗಿ ಉತ್ತರ ಬರೆಯುತ್ತಾರೆ.

ಈ ಹಕ್ಕು ಸುಮ್ಮನೆ ಬಂದದ್ದಲ್ಲ. ಬ್ರಿಟಿಷರ ಕಾಲದಲ್ಲಿ 1892ರ ಕಾಯ್ದೆಯ ಮೂಲಕ ಶಾಸನಸಭೆಯ ಸದಸ್ಯರಿಗೆ ಪ್ರಶ್ನೆ ಕೇಳುವ ಅವಕಾಶ ಸಿಕ್ಕಿತು. ಆಗ ಉತ್ತರ ಸರಿ ಇಲ್ಲದಿದ್ದರೂ ಸುಮ್ಮನೆ ಕೂತುಕೊಳ್ಳಬೇಕಿತ್ತು. 1909ರಲ್ಲಿ ಪ್ರಶ್ನೆ ಕೇಳಿದವರಿಗೆ ಉಪ ಪ್ರಶ್ನೆ ಕೇಳುವ ಹಕ್ಕು ಬಂತು. 'ಹೌದು ಸ್ವಾಮಿ, ಆದರೆ ಅದು ಯಾಕೆ ಹಾಗೆ?' ಎಂದು ಮರುಪ್ರಶ್ನೆ ಹಾಕುವುದೇ ಈ ವ್ಯವಸ್ಥೆಯ ಜೀವ.

ಸ್ವತಂತ್ರ ಭಾರತದಲ್ಲಿ ಅದರ ಬಲ ಕಂಡದ್ದು 1957ರಲ್ಲಿ. ಜೀವ ವಿಮಾ ನಿಗಮದ ಹಣ ಮುಂಧ್ರಾ ಎಂಬ ಉದ್ಯಮಿಯ ಕಂಪೆನಿಗಳಿಗೆ ಹೋದ ಬಗ್ಗೆ ಲೋಕಸಭೆಯಲ್ಲಿ ಪ್ರಶ್ನೆ ಬಂತು. ಉತ್ತರ ತೃಪ್ತಿ ತರಲಿಲ್ಲ. ಫಿರೋಝ್ ಗಾಂಧಿಯವರು ಬೆನ್ನು ಬಿಡಲಿಲ್ಲ. ಅವರು ಆಡಳಿತ ಪಕ್ಷದವರೇ, ಪ್ರಧಾನಿ ನೆಹರೂ ಅವರ ಅಳಿಯ ಬೇರೆ. ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಆಯೋಗದ ತನಿಖೆ ನಡೆದು, 1958ರಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಡಬೇಕಾಯಿತು. ಎಲ್ಲವೂ ಶುರುವಾದದ್ದು ಒಂದು ಪ್ರಶ್ನೆಯಿಂದ.

ಚುಕ್ಕೆ ಇದ್ದದ್ದು, ಇಲ್ಲದ್ದು

ಪ್ರಶ್ನೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಎದ್ದು ನಿಂತು ಬಾಯಿಮಾತಿನಲ್ಲಿ ಉತ್ತರ ಕೊಡಬೇಕು, ಉಪ ಪ್ರಶ್ನೆಗೂ ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ, ಉಪ ಪ್ರಶ್ನೆ ಇಲ್ಲ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಪ್ರಶ್ನೆ, 230 ಚುಕ್ಕೆ ಇಲ್ಲದ ಪ್ರಶ್ನೆ ಪಟ್ಟಿಯಾಗುತ್ತವೆ. ಯಾರ ಪ್ರಶ್ನೆ ಮೊದಲು ಎಂಬುದು ಚೀಟಿ ಎತ್ತುವ ಹಾಗೆ ತೀರ್ಮಾನವಾಗುತ್ತದೆ. ಒಂದು ಗಂಟೆಯಲ್ಲಿ ಬಾಯಿಮಾತಿನ ಉತ್ತರ ಸಿಗುವುದು ಕೆಲವೇ ಪ್ರಶ್ನೆಗಳಿಗೆ. ಉಳಿದದ್ದೆಲ್ಲ ಕಾಗದದಲ್ಲಿ. ಗದ್ದಲದಿಂದ ಕಲಾಪ ಮುಂದೂಡಿದರೆ ಆ ದಿನ ಸಚಿವರಿಗೆ ಮರುಪ್ರಶ್ನೆಯ ಕಾಟ ತಪ್ಪಿತು ಅಂತಲೇ ಲೆಕ್ಕ. ಸದನದಲ್ಲಿ ಗಲಾಟೆ ನಡೆದಾಗ ನಷ್ಟ ಯಾರಿಗೆ ಎಂದು ಇದರಿಂದಲೇ ತಿಳಿಯಬಹುದು.

ನಮ್ಮ ರಾಜ್ಯದಲ್ಲಿ ವಿಧಾನಸಭೆಯಲ್ಲಿ 224 ಮಂದಿ, ವಿಧಾನ ಪರಿಷತ್ತಿನಲ್ಲಿ 75 ಮಂದಿ. ದಕ್ಷಿಣ ಕನ್ನಡದಿಂದ 8, ಉಡುಪಿಯಿಂದ 5 ಶಾಸಕರು. ಒಂದು ಮಾತು ಇಲ್ಲಿ ಗಮನದಲ್ಲಿರಬೇಕು. ಸಚಿವರಾದವರು, ಸ್ಪೀಕರ್ ಆದವರು ಪ್ರಶ್ನೆ ಕೇಳುವುದಿಲ್ಲ. 2023ರ ಮೇಯಲ್ಲಿ ನಮ್ಮವರೇ ಆದ ಯು.ಟಿ. ಖಾದರ್ ಅವರು ಸ್ಪೀಕರ್ ಪೀಠ ಏರಿದಾಗ ನಮಗೆಲ್ಲ ಸಂತೋಷವಾಯಿತು. ಆದರೆ ಪ್ರಶ್ನೆ ಕೇಳಿಸುವ ಪೀಠ ಅದು, ಪ್ರಶ್ನೆ ಕೇಳುವ ಪೀಠ ಅಲ್ಲ. ನಮ್ಮ ಪ್ರಶ್ನೆ ಹೋಗಬೇಕಾದರೆ ಬೇರೆ ಶಾಸಕರ ಮೂಲಕ, ಇಲ್ಲವೇ ಪರಿಷತ್ ಸದಸ್ಯರ ಮೂಲಕ ಹೋಗಬೇಕು. ಅವರು ಯಾವ ಪಕ್ಷದವರು, ಯಾವ ಜಾತಿಯವರು ಎಂಬುದು ಇಲ್ಲಿ ದೊಡ್ಡ ವಿಷಯ ಅಲ್ಲ.

ಒಂದು ಉತ್ತರ, ಸಾವಿರ ಮನೆ

ಇದೆಲ್ಲ ನಮಗೆ ಯಾಕೆ ಎಂದು ಕೇಳುವವರಿಗೆ ಒಂದು ಉದಾಹರಣೆ. 2022ರ ಡಿಸೆಂಬರ್ 8ರಂದು ಕೇರಳದ ಸಂಸದ ಟಿ.ಎನ್. ಪ್ರತಾಪನ್ ಅವರ ಪ್ರಶ್ನೆಗೆ ಆಗಿನ ಅಲ್ಪಸಂಖ್ಯಾತರ ವ್ಯವಹಾರಗಳ ಸಚಿವೆ ಸ್ಮೃತಿ ಇರಾನಿಯವರು ಲೋಕಸಭೆಯಲ್ಲಿ ಲಿಖಿತ ಉತ್ತರ ಕೊಟ್ಟರು. ಮೌಲಾನಾ ಆಝಾದ್ ರಾಷ್ಟ್ರೀಯ ಫೆಲೋಶಿಪ್ ಅನ್ನು 2022-23ರಿಂದ ನಿಲ್ಲಿಸಲು ತೀರ್ಮಾನಿಸಲಾಗಿದೆ, ಬೇರೆ ಯೋಜನೆಗಳಲ್ಲೂ ಇದೇ ಸೌಲಭ್ಯ ಇರುವುದೇ ಕಾರಣ ಎಂದು ಅದರಲ್ಲಿತ್ತು. 2014-15ರಿಂದ 2021-22ರವರೆಗೆ 6,722 ಮಂದಿ ಆಯ್ಕೆಯಾಗಿದ್ದರು, 738.85 ಕೋಟಿ ರೂ. ವಿತರಣೆಯಾಗಿತ್ತು ಎಂಬ ಲೆಕ್ಕವೂ ಬಂತು. ಎಂಫಿಲ್, ಪಿಎಚ್‌ಡಿ ಮಾಡುವ ಅಲ್ಪಸಂಖ್ಯಾತ ಮಕ್ಕಳಿಗೆ ಇದ್ದ ಒಂದು ದಾರಿ ಮುಚ್ಚಿದ್ದು ದೇಶಕ್ಕೆಲ್ಲ ಸುದ್ದಿಯಾದದ್ದು ಹೀಗೆ, ಒಬ್ಬ ಸಂಸದ ಕೇಳಿದ್ದರಿಂದ.

ಅದೇ ಹೊತ್ತಿಗೆ 1ರಿಂದ 8ನೇ ತರಗತಿಯ ಮಕ್ಕಳ ಮೆಟ್ರಿಕ್ ಪೂರ್ವ ವಿದ್ಯಾರ್ಥಿವೇತನವನ್ನೂ ಕೇಂದ್ರ ನಿಲ್ಲಿಸಿತು. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಈ ಮಕ್ಕಳಿಗೆ ಉಚಿತ ಶಿಕ್ಷಣ ಸಿಗುತ್ತದೆ ಎಂಬುದು ಕಾರಣ. ಚಿಕ್ಕ ತರಗತಿಗೆ ಸಿಗುತ್ತಿದ್ದದ್ದು ವರ್ಷಕ್ಕೆ 1,000 ರೂ. ದೊಡ್ಡ ಮೊತ್ತ ಏನಲ್ಲ. ಆದರೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸುವ ಉಮ್ಮನಿಗೆ ಜೂನ್ ತಿಂಗಳ ಕೊಡೆ, ಚಪ್ಪಲಿ, ಪುಸ್ತಕದ ಖರ್ಚು ಅದು. ಮದ್ರಸದ ಬಾಗಿಲಲ್ಲಿ ನಿಂತು, 'ಉಸ್ತಾದರೇ, ಈ ಸಲ ಸ್ಕಾಲರ್‌ಶಿಪ್ ಅರ್ಜಿ ಯಾಕೆ ತೆಗೆದುಕೊಳ್ಳುವುದಿಲ್ಲವಂತೆ?' ಎಂದು ಹೆತ್ತವರು ನಮ್ಮನ್ನು ಕೇಳಿದ್ದುಂಟು. ಸೈಬರ್ ಅಂಗಡಿಯವರು ಒಂದು ಹೇಳುತ್ತಾರೆ, ಶಾಲೆಯವರು ಇನ್ನೊಂದು. ಸರಕಾರದ ಕೊನೆಯ ಮಾತು ಏನು ಎಂದು ಗೊತ್ತಾಗಬೇಕಾದರೆ ನೋಡಬೇಕಾದ ಜಾಗ ಸದನದ ಉತ್ತರ.

ಗಲ್ಫಿನಲ್ಲಿ ಮಕ್ಕಳಿರುವ ಮನೆಗಳಿಗೂ ಇದು ಅನ್ವಯಿಸುತ್ತದೆ. ವಿದೇಶದ ಜೈಲುಗಳಲ್ಲಿ ವಿಚಾರಣಾಧೀನರೂ ಸೇರಿ 10,152 ಭಾರತೀಯರು ಇದ್ದಾರೆ ಎಂದು 2025ರ ಮಾರ್ಚ್‌ನಲ್ಲಿ ರಾಜ್ಯಸಭೆಗೆ ವಿದೇಶಾಂಗ ಸಚಿವಾಲಯ ತಿಳಿಸಿತು. ಮರಣದಂಡನೆ ವಿಧಿಸಲ್ಪಟ್ಟ 49 ಮಂದಿಯಲ್ಲಿ 25 ಮಂದಿ ಯುಎಇಯಲ್ಲೇ ಇದ್ದರು. ಇಂಥ ಉತ್ತರಗಳಲ್ಲಿ ಸಚಿವಾಲಯ ಮತ್ತೆ ಮತ್ತೆ ಹೇಳುವ ಇನ್ನೊಂದು ವಿಷಯ ಉಂಟು. ಹಲವು ದೇಶಗಳಲ್ಲಿ ಖಾಸಗಿತನದ ಕಾನೂನು ಬಿಗಿ. ಕೈದಿ ಒಪ್ಪಿಗೆ ಕೊಡದೆ ಅಲ್ಲಿನ ಅಧಿಕಾರಿಗಳು ಅವನ ವಿವರ ಕೊಡುವುದಿಲ್ಲ. 'ರಾಯಭಾರ ಕಚೇರಿಯವರು ಏನೂ ಹೇಳುವುದಿಲ್ಲ' ಎಂದು ಊರಲ್ಲಿ ಬೇಸರ ಪಡುವ ಮನೆಯವರು ಈ ಮಾತು ತಿಳಿದಿರಬೇಕು. ಮಗ ಫೋನ್ ಮಾಡಿದಾಗ, ವಿವರ ಕೊಡಲು ಒಪ್ಪಿಗೆ ಕೊಡು ಎಂದು ಅವನಿಗೇ ಹೇಳಬೇಕಾಗುತ್ತದೆ.

'ಉದ್ಭವಿಸುವುದಿಲ್ಲ'

ಉತ್ತರ ಓದುವುದೂ ಒಂದು ಕಲಿಕೆ. ನಮ್ಮ ವಿಧಾನಸಭೆಯ ಲಿಖಿತ ಉತ್ತರ ನೋಡಿದರೆ ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. ಅ, ಆ, ಇ, ಈ ಎಂದು ಭಾಗ ಮಾಡಿರುತ್ತಾರೆ. 'ಸರಕಾರದ ಗಮನಕ್ಕೆ ಬಂದಿದೆಯೇ?' ಎಂದು ಕೇಳಿದರೆ 'ಬಂದಿದೆ' ಎಂಬ ಒಂದೇ ಪದದ ಉತ್ತರ. 'ಯಾವಾಗ ಕ್ರಮ?' ಎಂದರೆ 'ಪರಿಶೀಲನೆಯಲ್ಲಿದೆ' ಅಥವಾ 'ಅನುದಾನದ ಲಭ್ಯತೆಯನ್ನು ಆಧರಿಸಿ'. ಮೊದಲ ಉತ್ತರ 'ಇಲ್ಲ' ಎಂದಾದರೆ ಉಳಿದ ಎಲ್ಲದಕ್ಕೂ 'ಉದ್ಭವಿಸುವುದಿಲ್ಲ'.

ಈ 'ಉದ್ಭವಿಸುವುದಿಲ್ಲ' ಎಷ್ಟು ಭಾರದ ಪದ ಎಂದು 2020ರ ಸೆಪ್ಟಂಬರ್‌ನಲ್ಲಿ ಕಂಡಿತು. ಲಾಕ್‌ಡೌನ್ ಹೊತ್ತಿನಲ್ಲಿ ಊರಿಗೆ ಹೊರಟು ದಾರಿಯಲ್ಲೇ ಸತ್ತ ವಲಸೆ ಕಾರ್ಮಿಕರ ಬಗ್ಗೆ ಲೋಕಸಭೆಯಲ್ಲಿ ಕೇಳಲಾಯಿತು. ಅಂಥ ಅಂಕಿಅಂಶ ಇಟ್ಟುಕೊಂಡಿಲ್ಲ ಎಂದು ಕಾರ್ಮಿಕ ಸಚಿವಾಲಯ ಹೇಳಿತು. ಪರಿಹಾರದ ಪ್ರಶ್ನೆ? ಲೆಕ್ಕವೇ ಇಲ್ಲದ ಮೇಲೆ ಅದು ಉದ್ಭವಿಸುವುದಿಲ್ಲ. ಅಂದರೆ ಎಣಿಸದಿದ್ದರೆ ಕೊಡಬೇಕಾಗಿಯೂ ಇಲ್ಲ. 2021ರ ಜುಲೈಯಲ್ಲಿ ಆಮ್ಲಜನಕ ಕೊರತೆಯ ಸಾವಿನ ಬಗ್ಗೆ ಕೇಳಿದಾಗ, ಅಂಥ ಸಾವು ಆಗಿದೆ ಎಂದು ರಾಜ್ಯಗಳು ನಿರ್ದಿಷ್ಟವಾಗಿ ವರದಿ ಮಾಡಿಲ್ಲ ಎಂಬ ಉತ್ತರ ರಾಜ್ಯಸಭೆಗೆ ಬಂತು. ಅದಕ್ಕೆ ಎರಡೇ ತಿಂಗಳ ಹಿಂದೆ ಚಾಮರಾಜನಗರದ ಆಸ್ಪತ್ರೆಯಲ್ಲಿ ನಡೆದದ್ದನ್ನು ಕನ್ನಡಿಗರು ಮರೆತಿರಲಿಲ್ಲ. 'ಆಗಿಲ್ಲ' ಎನ್ನುವುದಕ್ಕೂ 'ವರದಿಯಾಗಿಲ್ಲ' ಎನ್ನುವುದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಪಕ್ಷ ಯಾವುದೇ ಇರಲಿ, ಅಧಿಕಾರದಲ್ಲಿ ಕೂತವರ ಉತ್ತರವನ್ನು ಈ ಕಣ್ಣಿನಿಂದಲೇ ಓದಬೇಕು.

ಹಾಗೆಂದು ಉತ್ತರವೆಲ್ಲ ಜಾರಿಕೊಳ್ಳುವ ದಾರಿ ಎಂದು ತಿಳಿಯುವುದೂ ತಪ್ಪು. 'ಪರಿಶೀಲಿಸುತ್ತೇನೆ', 'ವಿಚಾರಿಸಿ ತಿಳಿಸುತ್ತೇನೆ' ಎಂದು ಸಚಿವರು ಸದನದಲ್ಲಿ ಹೇಳಿದರೆ ಅದು ಭರವಸೆ ಎಂದು ದಾಖಲಾಗುತ್ತದೆ. ಅದನ್ನು ಬೆನ್ನು ಹತ್ತಲು ಸರಕಾರಿ ಭರವಸೆಗಳ ಸಮಿತಿ ಉಂಟು. ಲೋಕಸಭೆಯಲ್ಲಿ 1953ರಿಂದ ಇದೆ, ನಮ್ಮ ವಿಧಾನ ಮಂಡಲದಲ್ಲೂ ಇದೆ. ಸಂಸತ್ತಿನಲ್ಲಿ ಕೊಟ್ಟ ಭರವಸೆಯನ್ನು ಮೂರು ತಿಂಗಳೊಳಗೆ ಈಡೇರಿಸಬೇಕು ಎಂಬುದು ಕ್ರಮ. ಎಷ್ಟೋ ಭರವಸೆ ವರ್ಷಗಟ್ಟಲೆ ಬಾಕಿ ಉಳಿಯುವುದೂ ನಿಜ. ಆದರೂ ಕೊಟ್ಟ ಮಾತಿಗೆ ಕಾಗದ ಇದ್ದರೆ ನೆನಪು ಮಾಡಿ ಕೇಳಬಹುದು, ಕಾಗದ ಇಲ್ಲದ ಮಾತಿಗೆ ಕೇಳುವುದು ಯಾರನ್ನು?

ಪ್ರಶ್ನೆ ಮಾಡುವುದು ಹೇಗೆ?

ಪ್ರಶ್ನೆ ಕೇಳುವ ಹಕ್ಕನ್ನು ಮಾರಿದವರೂ ಇದ್ದಾರೆ. ಹಣ ಪಡೆದು ಪ್ರಶ್ನೆ ಕೇಳಲು ಒಪ್ಪಿದ್ದಕ್ಕಾಗಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಸಂಸತ್ತಿನಿಂದ ಹೊರಹಾಕಲಾಯಿತು. ವ್ಯಾಪಾರಿಗಳಿಗೆ ಒಂದು ಪ್ರಶ್ನೆಯ ಬೆಲೆ ಗೊತ್ತುಂಟು. ನಮಗೆ ಅದು ಪುಕ್ಕಟೆ ಸಿಗುವಾಗ ನಾವು ಬಳಸುವುದಿಲ್ಲ.

ನಮ್ಮ ಜಮಾಅತ್‌ಗಳಿಂದ, ಸಂಘಟನೆಗಳಿಂದ ಶಾಸಕರಿಗೆ ಮನವಿ ಹೋಗುವುದುಂಟು. ಶಾಲು ಹಾಕುತ್ತೇವೆ, ಫೋಟೊ ತೆಗೆಯುತ್ತೇವೆ, ಪತ್ರಿಕೆಗೆ ಕಳುಹಿಸುತ್ತೇವೆ. ಮನವಿ ಅಲ್ಲಿಗೆ ಮುಗಿಯಿತು. ಮನವಿಗೆ ಉತ್ತರ ಬರಬೇಕೆಂಬ ಕಡ್ಡಾಯ ಕಡಿಮೆ, ಸದನದಲ್ಲಿ ಸ್ವೀಕಾರವಾದ ಪ್ರಶ್ನೆಗೆ ಉತ್ತರ ಬರಲೇಬೇಕು. ಆದ್ದರಿಂದ ಮನವಿಯ ಜೊತೆಗೆ ಒಂದು ಪ್ರಶ್ನೆಯನ್ನೂ ಬರೆದು ಕೊಟ್ಟು, 'ಇದನ್ನು ಸದನದಲ್ಲಿ ಕೇಳಿ' ಎನ್ನಬೇಕು.

ಆದರೆ ಪ್ರಶ್ನೆ ಸರಿಯಾಗಿರಬೇಕು. ಅಭಿಪ್ರಾಯ ಕೇಳುವ, ಯಾರನ್ನೋ ಹೀಯಾಳಿಸುವ, ನ್ಯಾಯಾಲಯದಲ್ಲಿರುವ ವಿಷಯದ ಪ್ರಶ್ನೆ ಸ್ವೀಕಾರ ಆಗುವುದಿಲ್ಲ. ಲೋಕಸಭೆಯಲ್ಲಿ 150 ಪದದ ಮಿತಿಯೂ ಉಂಟು. 'ಅಲ್ಪಸಂಖ್ಯಾತ ಮಕ್ಕಳ ಬಗ್ಗೆ ಸರಕಾರಕ್ಕೆ ಕಾಳಜಿ ಇಲ್ಲವೇ?' ಎಂದು ಕೇಳಿದರೆ 'ಕಾಳಜಿ ಇದೆ' ಎಂದು ಉತ್ತರ ಬರುತ್ತದೆ, ಕೆಲಸ ಮುಗಿಯಿತು. ಅದನ್ನೇ ಹೀಗೆ ಕೇಳಿ ನೋಡಿ: ಕಳೆದ ಮೂರು ವರ್ಷಗಳಲ್ಲಿ ಬಂಟ್ವಾಳ ತಾಲೂಕಿನಿಂದ 'ಅರಿವು' ಶಿಕ್ಷಣ ಸಾಲಕ್ಕೆ ಬಂದ ಅರ್ಜಿಗಳೆಷ್ಟು? ಮಂಜೂರಾದದ್ದೆಷ್ಟು? ತಿರಸ್ಕರಿಸಿದ್ದೆಷ್ಟು, ಕಾರಣವೇನು? ಬಾಕಿ ಇರುವವರಿಗೆ ಯಾವ ದಿನಾಂಕದೊಳಗೆ ಹಣ ಸಿಗುತ್ತದೆ? ವರ್ಷವಾರು ವಿವರ ನೀಡುವುದು. ಈ ಪ್ರಶ್ನೆಯಿಂದ ಜಾರಿಕೊಳ್ಳುವುದು ಕಷ್ಟ. ಅದಕ್ಕೂ ಮೊದಲು, ನಮ್ಮ ಊರಿನಲ್ಲಿ ಎಷ್ಟು ಮಕ್ಕಳ ಅರ್ಜಿ ಬಾಕಿ ಉಂಟು ಎಂಬ ಪಟ್ಟಿ ನಮ್ಮ ಕೈಯಲ್ಲಿರಬೇಕು. ನಮ್ಮಲ್ಲೇ ಲೆಕ್ಕ ಇಲ್ಲದಿದ್ದರೆ ಅವರ ಲೆಕ್ಕ ಸರಿಯೋ ತಪ್ಪೋ ಗೊತ್ತಾಗುವುದು ಹೇಗೆ?

ಸಮಯವೂ ಮುಖ್ಯ. ಅಧಿವೇಶನ ಶುರುವಾದ ಮೇಲೆ ಓಡಿದರೆ ಆಗುವುದಿಲ್ಲ. ಲೋಕಸಭೆಗೆ 15 ದಿನ ಮೊದಲೇ ನೋಟಿಸ್ ಕೊಡಬೇಕು. ರಾಜ್ಯದಲ್ಲೂ ದಿನಾಂಕ ಪ್ರಕಟವಾದ ಕೂಡಲೇ ಶಾಸಕರ ಕಚೇರಿಗೆ ಕಾಗದ ತಲುಪಿದರೆ ಒಳ್ಳೆಯದು. ಒಬ್ಬರು ಕೇಳದಿದ್ದರೆ ಇನ್ನೊಬ್ಬರು ಕೇಳಿಯಾರು.

ಪಿಯುಸಿ, ಡಿಗ್ರಿ ಓದುವ ಮಕ್ಕಳು ಈಗ ಎಲ್ಲ ಮನೆಯಲ್ಲೂ ಇದ್ದಾರೆ. ವಿಧಾನಸಭೆಯ, ಸಂಸತ್ತಿನ ಉತ್ತರಗಳು ವೆಬ್‌ಸೈಟ್‌ನಲ್ಲಿ ಸಿಗುತ್ತವೆ. ಅಧಿವೇಶನ ನಡೆಯುವ ದಿನಗಳಲ್ಲಿ ವಾರಕ್ಕೊಂದು ಉತ್ತರ ತೆಗೆದು ಮನೆಯಲ್ಲಿ ಓದಿ ಹೇಳಲು ಅವರಿಗೆ ಹೇಳೋಣ. ಮೆಸೇಜ್ ಫಾರ್ವರ್ಡ್ ಮಾಡುವ ಮೊದಲು 'ಇದಕ್ಕೆ ಸದನದಲ್ಲಿ ಏನು ಉತ್ತರ ಬಂದಿದೆ?' ಎಂದು ಹುಡುಕುವ ಅಭ್ಯಾಸ ಅವರಿಗೆ ಬರಲಿ. ಓಟು ಹಾಕುವುದು ಐದು ವರ್ಷಕ್ಕೊಮ್ಮೆ. ಪ್ರಶ್ನೆ ಕೇಳಿಸುವುದು ಪ್ರತೀ ಅಧಿವೇಶನದಲ್ಲೂ ಆಗುವ ಕೆಲಸ. ಮುಂದಿನ ಅಧಿವೇಶನಕ್ಕೆ ನಮ್ಮ ಪ್ರತಿಯೊಂದು ಜಮಾಅತ್‌ನಿಂದ ಒಂದೊಂದು ಪ್ರಶ್ನೆ ಹೋದರೂ ಸಾಕು, ಉತ್ತರ ಬರೆಯುವವರು ನಮ್ಮನ್ನು ಎಣಿಸಲು ಶುರು ಮಾಡುತ್ತಾರೆ.