ಪಹಣಿ ಕಿಟಕಿಗೆ ಬಂದ ಬಗೆ

ಬೀದರ್, ಭಾಲ್ಕಿ, ಔರಾದ್ ತಾಲ್ಲೂಕು ಕಚೇರಿಗಳ ಹಳೆಯ ಕೆಲಸದ ರೂಢಿಯನ್ನು ಬುಡದಿಂದ ಅಲುಗಾಡಿಸಿದ್ದು ಭೂದಾಖಲೆಗಳನ್ನು ಗಣಕಕ್ಕೆ ತಂದ ರಾಜ್ಯ ಸರ್ಕಾರದ ‘ಭೂಮಿ’ ಯೋಜನೆ. ಅದಕ್ಕೂ ಮೊದಲು ಜಮೀನಿನ ದಾಖಲೆಯಾದ ಪಹಣಿ ಇರುತ್ತಿದ್ದುದು ತಲಾಟಿಯ (ಗ್ರಾಮ ಲೆಕ್ಕಿಗರ) ಕೈಬರಹದ ಪುಸ್ತಕದಲ್ಲಿ. ಒಬ್ಬ ತಲಾಟಿಗೆ ಹಲವು ಊರು. ಅವರು ಸಿಕ್ಕ ದಿನವೇ ರೈತನಿಗೆ ನಕಲು.

1991ರಲ್ಲಿ ನೆರೆಯ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯಲ್ಲಿ ನಡೆದ ಗಣಕೀಕರಣದ ಪ್ರಯೋಗ ಫಲ ಕೊಡಲಿಲ್ಲ. ಕೈಬರಹವೂ ಮುಂದುವರಿದರೆ ಗಣಕದಲ್ಲಿನ ಮಾಹಿತಿ ಬೇಗ ಹಳತಾಗುತ್ತದೆ. ಆದ್ದರಿಂದ ‘ಭೂಮಿ’ಯಲ್ಲಿ ಕ್ರಮ ಬದಲಾಯಿತು. ಮೊದಲು ಕೆಲವೇ ತಾಲ್ಲೂಕುಗಳು. ಪುಸ್ತಕದ ನಮೂದುಗಳನ್ನು ಗಣಕಕ್ಕೆ ಏರಿಸಿ, ಮುದ್ರಿಸಿ, ತಲಾಟಿಗಳಿಂದಲೇ ತಾಳೆ ನೋಡಿಸಿ ತಿದ್ದಲಾಯಿತು. ಅದು ಮುಗಿದ ತಾಲ್ಲೂಕಿನಲ್ಲಿ ಮಾತ್ರ ಕೈಬರಹದ ಪಹಣಿ ಅಮಾನ್ಯವಾಯಿತು. ಇಡೀ ಯೋಜನೆಯ ಅತ್ಯಂತ ದಿಟ್ಟ ಹೆಜ್ಜೆ ಇದೇ: ಹಿಂದಿರುಗುವ ದಾರಿಯೇ ಮುಚ್ಚಿತು.

ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಸಿಗುತ್ತಿತ್ತು. ರೈತನತ್ತ ತಿರುಗಿಸಿಟ್ಟ ಇನ್ನೊಂದು ಪರದೆಯಲ್ಲಿ ತನ್ನ ಸರ್ವೆ ನಂಬರು, ಹೆಸರು, ಎಕರೆ-ಗುಂಟೆ ಎಲ್ಲವೂ ಅವನ ಕಣ್ಣಿಗೆ ಕಾಣುತ್ತಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೋಗಬೇಕು. ಯಾರು ಏನು ತಿದ್ದಿದರೆಂಬುದು ದಾಖಲಾಗುತ್ತದೆ. ಮ್ಯುಟೇಶನ್ (ಹಕ್ಕು ಬದಲಾವಣೆ) ಅರ್ಜಿಗಳು ಬಂದ ಸರದಿಯಲ್ಲೇ ವಿಲೇವಾರಿಯಾಗಬೇಕು. ಬೇಕಾದವರ ಕಡತ ಮೇಲಕ್ಕೆ, ಬೇಡವಾದವರದು ತಳಕ್ಕೆ ಎಂಬ ಹಳೆಯ ಚಾಳಿಗೆ ನಿಜವಾದ ಪೆಟ್ಟು ಬಿದ್ದದ್ದು ಇಲ್ಲಿ.

2002ರ ಹೊತ್ತಿಗೆ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆಗಳು ಈ ವ್ಯವಸ್ಥೆಗೆ ಬಂದಿದ್ದವು. ಆದರೂ ಹೊಲದ ಅಳತೆ, ವಾರಸು ವಿಚಾರಣೆ, ಬೆಳೆಯ ನಮೂದು ಮನುಷ್ಯರ ಕೈಯಲ್ಲೇ ಉಳಿದವು. ಮುಂದಿನ ಹಂತಗಳಲ್ಲಿ ನೋಂದಣಿಯ ‘ಕಾವೇರಿ’, ಅಳತೆಯ ‘ಮೋಜಿಣಿ’ ತಂತ್ರಾಂಶಗಳು ‘ಭೂಮಿ’ಯೊಂದಿಗೆ ಜೋಡಣೆಯಾದವು.