ಕಲಿಸಿದವರೇ ಅಳೆಯಬಹುದೆ?

ಮಗು ಮನೆಗೆ ತಂದ ಅಂಕಪಟ್ಟಿಯನ್ನು ನೋಡುವಾಗ ನಿಮ್ಮ ಮನಸ್ಸಿನಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಪಾಠ ಹೇಳಿದ ಉಪಾಧ್ಯಾಯರೇ ಪ್ರಶ್ನೆ ಕೇಳಿ ಅಂಕ ಕೊಟ್ಟರೆ ಅದನ್ನು ನಂಬುವುದೆಂತು? ನಂಬಲಾಗದೆನ್ನುವವರು, ನಾಡಿಗೆಲ್ಲ ಒಂದೇ ಪರೀಕ್ಷೆ ಇರಲಿ, ಅದರಿಂದಲೇ ಶಾಲೆಯ ಯೋಗ್ಯತೆ ತಿಳಿಯಲಿ ಎನ್ನುತ್ತಾರೆ. ಅಮೆರಿಕದ ನೆಬ್ರಾಸ್ಕ ಸಂಸ್ಥಾನವು ಕೆಲವು ವರ್ಷ ಬೇರೊಂದು ದಾರಿಯಲ್ಲಿ ನಡೆದು ನೋಡಿತು.

2000–01ನೆಯ ಸಾಲಿನಿಂದ ಅಲ್ಲಿ, ಮಕ್ಕಳು ಏನನ್ನು ಕಲಿತಿರಬೇಕೆಂಬುದನ್ನು ಸಂಸ್ಥಾನ ಗೊತ್ತುಮಾಡಿತು. ಓದು, ಗಣಿತಗಳ ಕಲಿಕೆಯನ್ನು ಅಳೆಯುವ ಪರೀಕ್ಷೆಗಳನ್ನು ಆಯಾ ಶಾಲಾ ಜಿಲ್ಲೆಯ ಉಪಾಧ್ಯಾಯರೇ ರಚಿಸಿದರು. ಬರವಣಿಗೆಗೆ ಮಾತ್ರ ಎಲ್ಲರಿಗೂ ಒಂದೇ ಪರೀಕ್ಷೆ.

ಹಾಗೆಂದು ಉಪಾಧ್ಯಾಯರ ಮಾತೇ ಕೊನೆಯ ಮಾತಾಗಿರಲಿಲ್ಲ. ಅವರ ಪರೀಕ್ಷೆಗಳನ್ನು ಹೊರಗಿನ ತಜ್ಞರು ಆರು ವಿಷಯಗಳಲ್ಲಿ ಒರೆಗೆ ಹಚ್ಚುತ್ತಿದ್ದರು. ಪ್ರಶ್ನೆಗಳು ಗೊತ್ತುಮಾಡಿದ ಕಲಿಕೆಗೆ ಹೊಂದುತ್ತವೆಯೆ? ಅದನ್ನು ಕಲಿಯಲು ಮಕ್ಕಳಿಗೆ ಮೊದಲು ಅವಕಾಶ ದೊರೆತಿತ್ತೆ? ಪಕ್ಷಪಾತವಿಲ್ಲವೆ? ಮಕ್ಕಳ ಮಟ್ಟಕ್ಕೆ ತಕ್ಕವೆ? ಯಾರು ತಿದ್ದಿದರೂ ಅಂಕ ಒಂದೇ ಬರುವುದೆ? ಉತ್ತಮ, ಸಾಧಾರಣ ಎಂಬ ಗೆರೆಯನ್ನು ವಿವೇಚನೆಯಿಂದ ಎಳೆದಿದೆಯೆ?

ಐದನೆಯ ಪ್ರಶ್ನೆ ಎಷ್ಟು ಕಠಿನವೆಂಬುದನ್ನು ನಾನು ಬಲ್ಲೆ. ಒಮ್ಮೆ ಒಬ್ಬ ಹುಡುಗನ ಪ್ರಬಂಧಕ್ಕೆ ನಾನು ಹತ್ತಕ್ಕೆ ನಾಲ್ಕು ಕೊಟ್ಟೆ. ಸಹೋದ್ಯೋಗಿಯೊಬ್ಬರು ಏಳು ಕೊಟ್ಟರು. ನಾನು ಕಾಗುಣಿತದ ತಪ್ಪುಗಳನ್ನು ಎಣಿಸಿದ್ದೆ. ಅವರು ಹುಡುಗನ ವಿಚಾರವನ್ನು ತೂಗಿದ್ದರು. ಯಾವುದಕ್ಕೆ ಎಷ್ಟು ಎಂದು ನಾವಿಬ್ಬರೂ ಮೊದಲೇ ಕುಳಿತು ಮಾತನಾಡಿರಲಿಲ್ಲ. ನೆಬ್ರಾಸ್ಕದ ಏರ್ಪಾಡು ಉಪಾಧ್ಯಾಯರನ್ನು ಹೀಗೆ ಒಟ್ಟಿಗೆ ಕೂರಿಸಿತು. ಅದೇ ಅದರ ದೊಡ್ಡ ಲಾಭ.

ಕಷ್ಟಗಳೂ ಇದ್ದುವು. ಉಪಾಧ್ಯಾಯರಿಗೆ ಕೆಲಸದ ಹೊರೆ ಹೆಚ್ಚಿತು. ಜಿಲ್ಲೆಗೊಂದು ಅಳತೆಗೋಲಾದುದರಿಂದ ಒಂದು ಊರಿನ ಶಾಲೆಯನ್ನು ಇನ್ನೊಂದರೊಡನೆ ಹೋಲಿಸುವುದು ಸುಲಭವಾಗಲಿಲ್ಲ. 2002ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ಶಾಸನವಾದರೋ ಶಾಲೆಗಳಿಂದ ಪ್ರತಿವರ್ಷವೂ ಫಲಿತಾಂಶದ ಲೆಕ್ಕ ಕೇಳುತ್ತಿತ್ತು. ಕಡೆಗೆ 2008ರಲ್ಲಿ ಅಲ್ಲಿನ ಶಾಸನಸಭೆ ಸಂಸ್ಥಾನಕ್ಕೆಲ್ಲ ಒಂದೇ ಪರೀಕ್ಷೆಯೆಂದು ವಿಧಿಸಿತು. ಏರ್ಪಾಡಿನ ಮುಂದಾಳು, ಶಿಕ್ಷಣ ಕಮಿಷನರ್ ಡಗ್ ಕ್ರಿಸ್ಟೆನ್ಸೆನ್ ಅದೇ ವರ್ಷ ಹುದ್ದೆ ಬಿಟ್ಟರು.

ಪ್ರಯೋಗ ನಿಂತಿತು, ಆ ಆರು ಪ್ರಶ್ನೆಗಳು ನಿಲ್ಲಲಿಲ್ಲ. ನಮ್ಮ ಎಸ್.ಎಸ್.ಎಲ್.ಸಿ.ಯಲ್ಲಿಯೂ ಶಾಲೆಯೇ ಕೊಡುವ ಆಂತರಿಕ ಅಂಕಗಳಿವೆಯಷ್ಟೆ. ಅವನ್ನು ಕಣ್ಣುಮುಚ್ಚಿ ನಂಬುವುದೂ ಬೇಡ, ಸುಮ್ಮನೆ ಹಳಿಯುವುದೂ ಬೇಡ. ಮುಂದಿನ ಸಲ ಶಾಲೆಗೆ ಹೋದಾಗ “ಎಷ್ಟು ಅಂಕ?” ಎಂಬುದರ ಜೊತೆಗೆ “ಯಾವುದನ್ನು ನೋಡಿ ಕೊಟ್ಟಿರಿ, ಮೇಷ್ಟರೇ?” ಎಂದೂ ಕೇಳಿ. ಒಳ್ಳೆಯ ಉಪಾಧ್ಯಾಯರು ಆ ಪ್ರಶ್ನೆಗೆ ಸಂತೋಷದಿಂದಲೇ ಉತ್ತರ ಹೇಳುತ್ತಾರೆ.